ಲೈಸೆನ್ಸಿನ ಮೇಲೆ ಇನ್ನೊಂದು ಸಾಲು: ಪೆಟ್ರೋಲ್ ಟ್ಯಾಂಕರ್ ಚಾಲಕನಿಗೆ ಓದು ಬರಹ ಯಾಕೆ ಬೇಕಾಯ್ತು?

ಹೋದ ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ.

ಬೇಸಿಗೆ ಬಂತಂದ್ರೆ ನಮ್ಮ ಮಣಿಕೊಂಡದ ಬೀದಿಗಳಲ್ಲಿ ನೀರಿನ ಟ್ಯಾಂಕರ್‌ಗಳದ್ದೇ ದರ್ಬಾರು. ಅದರ ಹಿಂದೆ ಒಂದು ಟಾಟಾ ಏಸ್, ಅದರ ಹಿಂದೆ ಬಂಕಿಗೆ ಹೋಗೋ ಪೆಟ್ರೋಲ್ ಟ್ಯಾಂಕರ್. ಮೂವರೂ ದುಡಿಮೆಗೆ ಗಾಡಿ ಓಡಿಸೋರೇ. ಆದ್ರೆ ಕಾನೂನಿನ ಪ್ರಕಾರ ಮೂವರ ಲೈಸೆನ್ಸಿನಲ್ಲೂ ಒಂದೇ ತರಹ ಬರೆದಿರಬೇಕಾಗಿಲ್ಲ. ಆ ವ್ಯತ್ಯಾಸ ಹೇಗೆ ಬಂತು ಅಂತ ನೋಡೋಣ.

ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯ್ದೆಯಲ್ಲೇ, ಸಂಬಳಕ್ಕೆ ಗಾಡಿ ಓಡಿಸೋರಿಗೆ, ಸಾರಿಗೆ ವಾಹನ ಓಡಿಸೋರಿಗೆ ಲೈಸೆನ್ಸಿನಲ್ಲಿ ಪ್ರತ್ಯೇಕ ಅನುಮತಿ ಇರಬೇಕು ಅಂತಿತ್ತು. (ಮೈಸೂರೂ ಹೈದರಾಬಾದೂ ಆಗ ಸಂಸ್ಥಾನಗಳು, ಅವುಗಳ ಕತೆ ಬೇರೆ.) ನಮ್ಮ ಕಡೆ ಡ್ರೈವರ್‌ಗಳು ಇದನ್ನ ‘ಬ್ಯಾಡ್ಜ್ ಹಾಕಿಸೋದು’ ಅಂತಾರೆ. ಆದ್ರೆ ಗಾಡಿಯೊಳಗೆ ಏನಿದೆ ಅನ್ನೋದರ ಮೇಲೆ ಚಾಲಕನಿಗೆ ಬೇರೆ ಅರ್ಹತೆ ಕೇಳೋದು ಬಂದಿದ್ದು ಅದಕ್ಕೆ ಎಷ್ಟೋ ವರ್ಷ ಆದಮೇಲೆ.

1984ರ ಡಿಸೆಂಬರ್‌ನಲ್ಲಿ ಭೋಪಾಲ ಆಯ್ತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1988ರ ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಯಾಯ್ತು, ಜೊತೆಗೆ ಕೇಂದ್ರ ಮೋಟಾರು ವಾಹನ ನಿಯಮಗಳು. ಅದರ 9ನೇ ನಿಯಮವೇ ಇವತ್ತಿನ ಕಥಾನಾಯಕ. ಅಪಾಯಕಾರಿ ಸರಕು ಸಾಗಿಸೋ ಚಾಲಕನಿಗೆ ಸಾರಿಗೆ ಲೈಸೆನ್ಸ್ ಇದ್ದರೆ ಸಾಲದು. ಸಂವಿಧಾನದ 8ನೇ ಪರಿಚ್ಛೇದದ ಒಂದು ಭಾಷೆ ಮತ್ತು ಇಂಗ್ಲಿಷ್ ಓದೋಕೆ ಬರೆಯೋಕೆ ಬರಬೇಕು, ಮಾನ್ಯತೆ ಇರೋ ಸಂಸ್ಥೆಯಲ್ಲಿ 3 ದಿನದ ತರಬೇತಿ ಮುಗಿಸಿರಬೇಕು. ಆಮೇಲೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಲೈಸೆನ್ಸ್ ಮತ್ತು ಪ್ರಮಾಣಪತ್ರ ಸೇರಿಸಿ ಕೊಟ್ಟರೆ ಆರ್‌ಟಿಒ ಆ ಸಾಲನ್ನ ಸೇರಿಸುತ್ತೆ. ಗಮನಿಸಿ, ಕೇಳಿರೋದು ರಾಜ್ಯದ ಭಾಷೆ ಅಲ್ಲ. ಕನ್ನಡ ಓದೋಕೆ ಬರೋ ರಾಯಚೂರಿನ ಚಾಲಕ ಹೈದರಾಬಾದಿನಲ್ಲಿ ತೆಲುಗು ಬರದಿದ್ದರೂ ಅರ್ಹನೇ. ಇಂಗ್ಲಿಷ್ ಮಾತ್ರ ಬೇಕೇ ಬೇಕು.

ಓದು ಯಾಕೆ? ಟ್ಯಾಂಕರ್ ಹಿಂದೆ ಒಂದು ಫಲಕ ಇರುತ್ತಲ್ಲ, ಅದರಲ್ಲಿ 1203 ಅಂತಿದ್ದರೆ ಪೆಟ್ರೋಲ್, 1075 ಅಂತಿದ್ದರೆ ಎಲ್‌ಪಿಜಿ, 1017 ಅಂತಿದ್ದರೆ ಕ್ಲೋರಿನ್. ವಿಶ್ವಸಂಸ್ಥೆ ಕೊಟ್ಟ ಸಂಖ್ಯೆಗಳು ಇವು. ಕ್ಯಾಬಿನ್‌ನಲ್ಲಿ ಟ್ರೆಮ್ ಕಾರ್ಡ್ ಇರಬೇಕು: ಸೋರಿದ್ರೆ ಏನು ಮಾಡಬೇಕು, ಬೆಂಕಿ ಬಿದ್ರೆ ಏನು ಹಾಕಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಅದರಲ್ಲಿರುತ್ತೆ. ಪೆಟ್ರೋಲ್ ಬೆಂಕಿಗೆ ನೀರು ಸುರಿದ್ರೆ ಪೆಟ್ರೋಲ್ ಮೇಲೆ ತೇಲಿಕೊಂಡು ಬೆಂಕಿ ಇನ್ನಷ್ಟು ಹಬ್ಬುತ್ತೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ತಗ್ಗಿನ ಮನೆಗಳಿಗೆ ನುಗ್ಗುತ್ತೆ. 2012ರ ಆಗಸ್ಟ್ 27ರಂದು ಮಂಗಳೂರಿಂದ ಹೊರಟ ಗ್ಯಾಸ್ ಟ್ಯಾಂಕರ್ ಕಣ್ಣೂರಿನ ಚಾಲದಲ್ಲಿ ಮಗುಚಿ 20 ಜನ ತೀರಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ನಮ್ಮ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲೂ ಅಂಥದ್ದೇ ದುರಂತ. ಟ್ಯಾಂಕರ್ ಮಗುಚಿದ ಮೇಲಿನ ಮೊದಲ ಕೆಲವು ನಿಮಿಷ ಅಲ್ಲಿರೋನು ಚಾಲಕ ಒಬ್ಬನೇ. ಅಗ್ನಿಶಾಮಕದವರು ಬರೋ ಹೊತ್ತಿಗೆ ಜನರನ್ನ ಎಬ್ಬಿಸಿ, ಒಲೆ ಆರಿಸಿ ಅಂತ ಹೇಳೋದು ಅವನಿಂದಲೇ ಆಗಬೇಕು.

ಅಮೆರಿಕದಲ್ಲಿರೋ ವೀಕ್ಷಕರಿಗೆ ಇದು ಹೊಸದಲ್ಲ. ಅಲ್ಲಿ 1986ರ ಕಾಯ್ದೆಯಿಂದ ಸಿಡಿಎಲ್ ಬಂತು, ಅಪಾಯಕಾರಿ ಸರಕಿಗೆ ಎಚ್, ಟ್ಯಾಂಕರ್‌ಗೆ ಎನ್, ಎರಡೂ ಇದ್ದರೆ ಎಕ್ಸ್. ನಮ್ಮಲ್ಲಿ ನಡೆದಿದ್ದು ಉಲ್ಟಾ. 1994ರ ತಿದ್ದುಪಡಿ ಮಧ್ಯಮ, ಭಾರಿ ಅಂತಿದ್ದ ನಾಲ್ಕು ವರ್ಗಗಳನ್ನ ಒಟ್ಟುಗೂಡಿಸಿ ‘ಸಾರಿಗೆ ವಾಹನ’ ಅಂತ ಒಂದೇ ಮಾಡಿತು. ಅಲ್ಲಿಂದ ಶುರುವಾಯ್ತು ವಿಮಾ ಕಂಪನಿಗಳ ತಕರಾರು: ಚಾಲಕನ ಹತ್ರ ಎಲ್‌ಎಂವಿ ಮಾತ್ರ ಇದೆ, ಸಾರಿಗೆ ಎಂಡಾರ್ಸ್‌ಮೆಂಟ್ ಇಲ್ಲ, ಪರಿಹಾರ ಕೊಡಲ್ಲ. ಸತ್ತವರ ಮನೆಯವರು ಕೋರ್ಟಿಗೆ ಅಲೆದಿದ್ದೇ ಬಂತು. 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ ಸಾಕು ಅಂತು. 2024ರ ನವೆಂಬರ್ 6ರಂದು ಐವರ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಟಾಟಾ ಏಸ್‌ನವನಿಗೆ ಬ್ಯಾಡ್ಜ್ ಬೇಡ. ದೊಡ್ಡ ನೀರಿನ ಟ್ಯಾಂಕರ್‌ನವನಿಗೆ ಸಾರಿಗೆ ಲೈಸೆನ್ಸ್ ಬೇಕು. ಅಪಾಯಕಾರಿ ಸರಕಿನ ಗಾಡಿಗೆ ಮಾತ್ರ ಈ ರಿಯಾಯಿತಿ ತಾಗಲಿಲ್ಲ.

ಸಡಿಲಿಕೆ ಬೇರೆ ಕಡೆ ಬಂತು. ಮೊದಲು ಈ ಲೈಸೆನ್ಸಿನ ಅವಧಿ 1 ವರ್ಷ, ನವೀಕರಿಸಬೇಕಂದ್ರೆ ಒಂದು ದಿನದ ಮರುತರಬೇತಿ. 2019ರ ತಿದ್ದುಪಡಿ ಇದನ್ನ 3 ವರ್ಷ ಮಾಡಿತು. ಅದೇ ವರ್ಷ ಸಾರಿಗೆ ಚಾಲಕರಿಗಿದ್ದ 8ನೇ ತರಗತಿಯ ಷರತ್ತೂ ಹೋಯ್ತು. ಎರಡನೆಯದನ್ನ ನಾನು ಒಪ್ತೀನಿ, ಸ್ಟೀರಿಂಗ್ ಹಿಡಿಯೋಕೆ ಮಾರ್ಕ್ಸ್ ಕಾರ್ಡ್ ಬೇಕಿಲ್ಲ. ಮೊದಲನೆಯದು ನನಗೆ ಸರಿ ಕಾಣಲ್ಲ. ನಮ್ಮ ಆಫೀಸುಗಳಲ್ಲಿ ಪಾಸ್‌ವರ್ಡ್ ಬಗ್ಗೆ ವರ್ಷ ವರ್ಷ ತರಬೇತಿ ಕೊಡ್ತಾರೆ ಕಣ್ರೀ!

9ನೇ ನಿಯಮದಲ್ಲಿ ಇನ್ನೊಂದು ಸಣ್ಣ ಉಪನಿಯಮ ಇದೆ. ಕಲಬುರಗಿಯಲ್ಲಿ ಪಡೆದ ಲೈಸೆನ್ಸಿಗೆ ಇಲ್ಲಿ ರಂಗಾರೆಡ್ಡಿ ಜಿಲ್ಲೆಯ ಕಚೇರಿ ಈ ಸಾಲು ಸೇರಿಸಿದ್ರೆ, ಅದನ್ನ ಕಲಬುರಗಿಗೆ ತಿಳಿಸಬೇಕು. ಡೇಟಾಬೇಸ್ ಸಿಂಕ್ ಅನ್ನೋದು ನಮ್ಮ ಕಸುಬಿನ ಮಾತು, ನಿಯಮದಲ್ಲಿ ಅದು 1989ರ ಕಾಲದ ಪತ್ರವ್ಯವಹಾರ. ದೇಶವೆಲ್ಲ ಸಾರಥಿ ತಂತ್ರಾಂಶಕ್ಕೆ ಬಂದ ಮೇಲೂ ತೆಲಂಗಾಣ ಬಹಳ ವರ್ಷ ತನ್ನದೇ ವ್ಯವಸ್ಥೆ ನಡೆಸಿತು.