ಕರಿನೀರಿನಲ್ಲಿ ಕ್ರಿಸ್‌ಮಸ್

ಕ್ರಿಸ್‌ಮಸ್ ರಜೆಗೆ ಅಂಡಮಾನಿಗೆ ಹೋಗುತ್ತೇವೆಂದಾಗ ನಮ್ಮ ಅತ್ತೆಯವರು ಬೀನ್ಸ್ ಸೋಸುವುದನ್ನು ನಿಲ್ಲಿಸಿ, "ಕರಿನೀರಿಗೆ ಯಾರಾದರೂ ದುಡ್ಡು ಕೊಟ್ಟು ಹೋಗ್ತಾರೇನೇ?" ಎಂದರು. ಅವರ ಕಾಲದವರಿಗೆ ಅದು ಊರಿನ ಹೆಸರಲ್ಲ, ಶಿಕ್ಷೆಯ ಹೆಸರು.

ನಾವು ಹೊರಟದ್ದು ನಾಲ್ವರು ಗೆಳತಿಯರು. ನಮ್ಮಲ್ಲೊಬ್ಬಳು ಮಂಗಳೂರಿನ ಕ್ರೈಸ್ತ ಮನೆತನದವಳು. ಆ ವರ್ಷ ಅವಳ ತಾಯಿ ತೀರಿಕೊಂಡಿದ್ದರು. ಹಬ್ಬದ ದಿನ ಆ ಅಡಿಗೆಮನೆಯಲ್ಲಿ ನಿಲ್ಲಲಾರೆ ಎಂದಳು. ಹಾಗಾಗಿ ಡಿಸೆಂಬರ್ 25ರ ಬೆಳಿಗ್ಗೆ ನಾವು ಪೋರ್ಟ್‌ಬ್ಲೇರಿನಿಂದ ರಾಸ್ ದ್ವೀಪಕ್ಕೆ ಹೋಗುವ ದೋಣಿಯಲ್ಲಿದ್ದೆವು. (2018ರಲ್ಲಿ ಆ ದ್ವೀಪಕ್ಕೆ ನೇತಾಜಿಯವರ ಹೆಸರಿಟ್ಟರು, 2024ರಲ್ಲಿ ಪೋರ್ಟ್‌ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ನನ್ನ ನಾಲಿಗೆ ಇನ್ನೂ ಹೊಂದಿಕೊಂಡಿಲ್ಲ.)

1858ರ ಮಾರ್ಚ್ 10ರಂದು ಜೆ.ಪಿ. ವಾಕರ್ ಎಂಬ ವೈದ್ಯಾಧಿಕಾರಿ 200 ಕೈದಿಗಳೊಂದಿಗೆ ಇಲ್ಲಿಗೆ ಬಂದಿಳಿದ. 1857ರ ದಂಗೆಯಲ್ಲಿ ಸಿಕ್ಕಿಬಿದ್ದವರನ್ನು ಇಡಲು ಸರಕಾರಕ್ಕೆ ದೂರದ ಜಾಗ ಬೇಕಾಗಿತ್ತು. ರಾಸ್‌ನ ಕಾಡು ಕಡಿದವರು ಕೈದಿಗಳೇ. ಅವರು ಸಮ ಮಾಡಿದ ನೆಲದ ಮೇಲೆ ಸಾಹೇಬರ ಬಂಗಲೆ, ಇಗರ್ಜಿ, ಬೇಕರಿ, ನೃತ್ಯಶಾಲೆ ಎದ್ದವು. 1941ರ ಭೂಕಂಪ, 1942ರಲ್ಲಿ ಬಂದ ಜಪಾನೀಯರು, ಇವೆರಡರ ನಡುವೆ ಆ ವೈಭವ ಮುಗಿಯಿತು. ಈಗ ಗೋಡೆಗಳನ್ನು ಆಲದ ಜಾತಿಯ ಮರಗಳು ಬೇರಿನಿಂದ ಹಿಡಿದುಕೊಂಡು ನಿಂತಿವೆ. ಮರವಿಲ್ಲದಿದ್ದರೆ ಗೋಡೆಯೇ ಇರುತ್ತಿರಲಿಲ್ಲವೇನೋ. ಜಿಂಕೆಗಳು ಬಂದು ನಮ್ಮ ಕೈಚೀಲ ಮೂಸಿದವು.

ಕರಿನೀರೆಂದರೆ ನಮಗೆಲ್ಲ ಸೆಲ್ಯುಲರ್ ಜೈಲು, ಗಂಡಸರು, ಎಣ್ಣೆಗಾಣ. ಆದರೆ ಆ ಜೈಲಿನ ಕೆಲಸ ಶುರುವಾದದ್ದೇ 1896ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಇಲ್ಲಿಗೆ ಹೆಂಗಸರು ಬಂದಿದ್ದರು. ಅವರಲ್ಲಿ ಬಹಳ ಜನರ ಮೇಲಿದ್ದದ್ದು ಕೊಲೆಯ ಅಪರಾಧ. ಸತ್ತದ್ದು ಗಂಡ, ಇಲ್ಲವೇ ಹೆತ್ತ ಕೂಸು. ಕೂಸನ್ನು ಕೊಂದವರಲ್ಲಿ ವಿಧವೆಯರಿದ್ದರು ಎಂದರೆ ಉಳಿದ ಕಥೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ. 1881ರಲ್ಲಿ ಸೂರತ್‌ನ ವಿಜಯಲಕ್ಷ್ಮಿ ಎಂಬ ಎಳೆಯ ವಿಧವೆಗೆ ಇದೇ ಅಪರಾಧಕ್ಕೆ ಮೊದಲು ಗಲ್ಲು, ಮೇಲ್ಮನವಿಯ ನಂತರ ಗಡೀಪಾರು ವಿಧಿಸಿದರು. ಕೊನೆಗೆ ಅದೂ ಕೆಲವು ವರ್ಷಗಳ ಸಜೆಗೆ ಇಳಿಯಿತು. ಆ ಗದ್ದಲದಲ್ಲಿ ಪತ್ರಿಕೆಗಳು ಹೆಂಗಸರನ್ನೇ ಜರೆದದ್ದನ್ನು ಕಂಡು, ಬುಲ್ಢಾಣಾದ ತಾರಾಬಾಯಿ ಶಿಂದೆ 1882ರಲ್ಲಿ ಮರಾಠಿಯಲ್ಲಿ 'ಸ್ತ್ರೀ ಪುರುಷ ತುಲನಾ' ಬರೆದರು. ವಿಧವೆಯನ್ನು ಕೆಡಿಸಿದ ಗಂಡಸಿಗೆ ಯಾವ ದ್ವೀಪ ಎಂದು ಕೇಳಬೇಕೆಂದು ನನಗಂತೂ ಅನಿಸುತ್ತದೆ.

ಇಲ್ಲಿಗೆ ಬಂದ ಹೆಂಗಸರನ್ನು ಪ್ರತ್ಯೇಕ ಜೈಲಿನಲ್ಲಿಟ್ಟು ಕೆಲಸ ಮಾಡಿಸುತ್ತಿದ್ದರು. ಕೆಲವು ವರ್ಷ ನಡತೆ ಚೆನ್ನಾಗಿದ್ದರೆ ಮದುವೆಗೆ ಅಪ್ಪಣೆ. ವರನೂ ಕೈದಿಯೇ, ಸ್ವಂತ ದುಡಿಮೆಗೆ ಬಿಟ್ಟವನು. ಹೆಣ್ಣು ನೋಡುವ ಶಾಸ್ತ್ರ ಜೈಲಿನೊಳಗೂ ತಪ್ಪಲಿಲ್ಲ! ಒಂದೊಂದು ಸೀಮೆಯ, ಒಂದೊಂದು ಭಾಷೆಯ ಗಂಡುಹೆಣ್ಣುಗಳು ಹೀಗೆ ಸಂಸಾರ ಹೂಡಿದರು. ಊರಿನಲ್ಲಾಗಿದ್ದರೆ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟದವರೂ ಒಂದೇ ಒಲೆ ಹೊತ್ತಿಸಿದರು. ಅವರ ಮಕ್ಕಳ ಮಾತು ಹಿಂದುಸ್ತಾನಿಯಾಯಿತು. ಆ ಸಂತತಿಯವರನ್ನು ಅಲ್ಲಿ ಇಂದಿಗೂ 'ಲೋಕಲ್ ಬಾರ್ನ್' ಎನ್ನುತ್ತಾರೆ.

"ಹಬ್ಬದ ದಿನ ಇದೆಲ್ಲ ಯಾಕೆ ತೆಗೀತೀಯೇ?" ಎಂದು ಒಬ್ಬಳು ಗದರಿದಳು. ಸುಮ್ಮನಾದೆ.

ಮಾಡಿಲ್ಲದ ಇಗರ್ಜಿಯ ಮುಂದೆ ಮಂಗಳೂರಿನ ಗೆಳತಿ ಬಹಳ ಹೊತ್ತು ನಿಂತಳು. ಆಮೇಲೆ ಒಂದು ಡಬ್ಬಿ ತೆಗೆದಳು: ಕುಸ್ವಾರ್. ನೆವ್ರಿ, ಕಿಡಿಯೊ, ಎಳ್ಳುಂಡೆ. "ಅಮ್ಮನ ಅಳತೆ ನೆನಪಿಟ್ಟು ಮಾಡಿದ್ದು, ಪಾಕ ಹೆಚ್ಚಾಗಿದೆ," ಎಂದಳು. ಹೆಚ್ಚಾಗಿಯೇ ಇತ್ತು. ನಾಲ್ವರೂ ಡಬ್ಬಿ ಬರಿದು ಮಾಡಿದೆವು. ಅಲ್ಲಿಂದ ಸ್ಮಶಾನಕ್ಕೆ ಹೋದಾಗ ಬಿಳಿಯರ ಗೋರಿಗಳನ್ನು ಕಂಡೆವು. ಕೈದಿ ಹೆಂಗಸರ ಹೆಸರು ಕೆತ್ತಿದ ಒಂದು ಕಲ್ಲೂ ನಮಗೆ ಸಿಗಲಿಲ್ಲ.

ಊರಿಗೆ ಮರಳಿದ ಮೇಲೆ ಅತ್ತೆಯವರಿಗೆ ಎಲ್ಲ ಹೇಳಿದೆ. ಸಮುದ್ರದ ಬಣ್ಣ, ಜಿಂಕೆ ಯಾವುದೂ ಅವರಿಗೆ ಬೇಕಾಗಲಿಲ್ಲ.

"ಆ ಹೆಂಗಸರಿಗೆ ಮಕ್ಕಳಾದವಾ?"

"ಆದವಲ್ಲ ಅತ್ತೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟು ದೂರದಲ್ಲಿ ಬಾಣಂತನ ಯಾರು ಮಾಡಿದರೋ," ಎಂದರು.