ಬೀರಿನ ಕಹಿ ನಾಲಿಗೆಗೆ ಹತ್ತೋದು ಹೇಗೆ, ಯಾರಿಗೆ?

ನನಗೆ ಬೀರು ಹಿಡಿಸಲು ಆರು ವರ್ಷ ಬೇಕಾಯ್ತು. ಮೊದಲ ಗುಟುಕು ಶಕ್ತಿನಗರದಲ್ಲೇ, ಇಪ್ಪತ್ತೊಂದು ತುಂಬಿದ ಬೇಸಿಗೆಯಲ್ಲಿ. ದೋಸ್ತರು ಕೃಷ್ಣಾ ಹೊಳಿ ದಂಡಿಗೆ ತಂದಿದ್ದ ಸ್ಟ್ರಾಂಗ್ ಬಾಟಲಿ ಬಿಸಿಲಿಗೆ ಬೆಚ್ಚಗಾಗಿತ್ತು. ಬಾಯಿಗಿಟ್ಟು ಉಗುಳಿದೆ. ‘ಲೇ, ಇದಕ್ಕಿಂತ ಹಾಗಲಕಾಯಿ ರಸ ಚಲೋ’ ಅಂದಿದ್ದು ನೆನಪಿದೆ.

‘ಕುಡೀತಾ ಕುಡೀತಾ ರುಚಿ ಹತ್ತುತ್ತೆ’ ಅಂತಾರಲ್ಲ, ಅದು ಅರ್ಧ ಸತ್ಯ. ಬೀರಿನ ಕಹಿ ಬರೋದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಅದರಲ್ಲಿರುವ ಆಲ್ಫಾ ಆಮ್ಲಗಳು ಕುದಿಸಿದಾಗ ರೂಪ ಬದಲಿಸಿ ಕಹಿಯಾಗುತ್ತವೆ. ಕಹಿ ಗುರುತಿಸಲು ಮನುಷ್ಯನಿಗೆ ಸುಮಾರು 25 ಬಗೆಯ ಗ್ರಾಹಕಗಳಿವೆ. ಕಹಿ ಅಂದ್ರೆ ವಿಷ ಇರಬಹುದು ಅನ್ನೋದು ದೇಹದ ಹಳೇ ಎಚ್ಚರಿಕೆ. ಮತ್ತೆ ಮತ್ತೆ ತಿಂದು ಏನೂ ಆಗದಿದ್ದರೆ ಆ ಎಚ್ಚರಿಕೆ ಸಡಿಲಾಗುತ್ತೆ. ಚಿಕ್ಕವನಿದ್ದಾಗ ಒಲ್ಲೆ ಅಂತಿದ್ದ ಹಾಗಲಕಾಯಿ ಪಲ್ಯವನ್ನು ಈಗ ನಾನೇ ಕೇಳಿ ಹಾಕಿಸಿಕೊಳ್ತೀನಿ. ಬೀರಿನಲ್ಲಿ ಇದರ ಜೊತೆ ನಶೆಯೂ ಸೇರಿಕೊಂಡು ಆ ರುಚಿಯನ್ನು ಖುಷಿಗೆ ಗಂಟು ಹಾಕುತ್ತೆ. ಅದನ್ನು ಮರೆತು ‘ರುಚಿ’ ಅಂತಷ್ಟೇ ಹೇಳಿದರೆ ಸುಳ್ಳಾಗುತ್ತೆ.

ಬಿಸಿಲೂ ಅಪರಾಧಿಯೇ. ಬೆಳಕು ಬಿದ್ದರೆ ಹಾಪ್ಸ್‌ನ ಅಂಶ ಒಡೆದು ದುರ್ವಾಸನೆ ಬರುತ್ತೆ. ಕಂದು ಬಾಟಲಿ ಇರೋದು ಅದನ್ನು ತಡೆಯೋಕೆ, ಹಸಿರು ಬಾಟಲಿ ಅಷ್ಟು ತಡೆಯಲ್ಲ. ನನಗೆ ದಾರಿ ತೆರೆದದ್ದು ಬೆಂಗಳೂರಿನ ಮೈಕ್ರೋಬ್ರೂವರಿಯೊಂದರ ಗೋಧಿ ಬೀರು. ಹಾಪ್ಸ್ ಕಡಿಮೆ, ಯೀಸ್ಟ್‌ನಿಂದ ಬರುವ ಬಾಳೆಹಣ್ಣು–ಲವಂಗದ ವಾಸನೆ. ಅಲ್ಲಿಂದ ಲಾಗರ್‌ಗೆ ಬಂದೆ.

ಆದರೆ ನಾಲಿಗೆಗಿಂತ ಮೊದಲು ಬದಲಾಗಿದ್ದು ಪಗಾರ. ನನ್ನ ಅಪ್ಪ ಥರ್ಮಲ್‌ನಲ್ಲಿ ಹಾರುಬೂದಿ ತುಂಬುವ ಗುತ್ತಿಗೆ ಕಾರ್ಮಿಕ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಅವನು ಕುಡಿಯೋದು ಬಿಡಲಿಲ್ಲ, ಸಾರಾಯಿ ಪಾಕೀಟಿನಿಂದ ‘ನೈಂಟಿ’ಗೆ ಬದಲಾದ. ನಾನು ಒಲ್ಲೆ ಅಂತಿದ್ದದ್ದು ಬೀರನ್ನಲ್ಲ, ಮನೆಯೊಳಗೆ ಬರುತ್ತಿದ್ದ ಆ ವಾಸನೆಯನ್ನು ಅಂತ ಗೊತ್ತಾಗಲು ನನಗೆ ಊರು ಬಿಡಬೇಕಾಯ್ತು.

ಲೆಕ್ಕ ನೋಡಿ. 42.8% ಮದ್ಯಸಾರದ 90 ಮಿಲಿಯಲ್ಲಿ ಸುಮಾರು 38 ಮಿಲಿ ಶುದ್ಧ ಆಲ್ಕೋಹಾಲ್. 5%ನ 650 ಮಿಲಿ ಬೀರಿನಲ್ಲಿ 32. ಅಂದ್ರೆ ಸಣ್ಣ ಪ್ಯಾಕೆಟ್ಟೇ ಜಾಸ್ತಿ, ಅದೂ ಅಗ್ಗದ ಬ್ರ್ಯಾಂಡಾದರೆ ಬೀರಿಗಿಂತ ಕಡಿಮೆ ದುಡ್ಡಿಗೆ. 2023ರ ಜುಲೈ ಬಜೆಟ್‌ನಲ್ಲಿ ಬೀರಿನ ಹೆಚ್ಚುವರಿ ಅಬಕಾರಿ ಸುಂಕ 175ರಿಂದ 185%ಗೆ, 2025ರ ಜನವರಿಯಲ್ಲಿ 195%ಗೆ ಏರಿತು. ಬ್ರಾಂದಿ, ವಿಸ್ಕಿ ಮೇಲೂ ಸುಂಕ ಏರಿದೆ, ಸುಳ್ಳಲ್ಲ. ಆದರೂ ಕೂಲಿಯವನ ಜೇಬಿಗೆ ಹತ್ತಿರ ಉಳಿದದ್ದು ನೈಂಟಿಯೇ. ಹಳೇ ಸೇಂದಿಯೂ ನಮ್ಮ ಕಡೆ ನಿಷಿದ್ಧ. ಕದ್ದು ಮಾರೋದರಲ್ಲಿ ಸಿ.ಎಚ್. ಪೌಡರ್, ಅಂದ್ರೆ ಕ್ಲೋರಲ್ ಹೈಡ್ರೇಟ್. ಹೊಳಿ ದಾಟಿದರೆ ತೆಲಂಗಾಣ, ಅಲ್ಲಿ ಸೇಂದಿಗೆ ಲೈಸೆನ್ಸ್ ಐತಿ. ಒಂದು ಸೇತುವೆ ದಾಟಿದರೆ ಕಾನೂನೇ ಬೇರೆ!

ಬೀರು ಕುಡಿದಿದ್ದರೆ ಅಪ್ಪ ಆರೋಗ್ಯವಾಗಿರ್ತಿದ್ದ ಅಂತ ನಾನು ವಾದ ಮಾಡಲ್ಲ. ಯಾವ ಪ್ರಮಾಣವೂ ಸುರಕ್ಷಿತವಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ನಾನು ಕೇಳೋದು ಇಷ್ಟೇ: ಸುಂಕ ಹಾಕೋದಾದರೆ ಬಾಟಲಿಯೊಳಗಿನ ಆಲ್ಕೋಹಾಲ್ ಮೇಲೆ ಹಾಕಿ. ಆದರೆ ಮದ್ಯ ನಿಷೇಧ ಬೇಕು ಅಂತ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಹೆಂಗಸರ ಮುಂದೆ ಈ ಸೂತ್ರ ಇಟ್ಟರೆ ನಗ್ತಾರೆ ಅನ್ನೋದೂ ಗೊತ್ತು. ಅವ್ವನಿಗೂ ಹೋಗೋ ಮನಸ್ಸಿತ್ತು, ಕೂಲಿ ಬಿಡೋ ಹಂಗಿರಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅವಳಿಗೆ ಈ ಮಿಲಿ ಲೆಕ್ಕ ಹೇಳಿದೆ. ರೊಟ್ಟಿ ಬಡಿಯೋದು ನಿಲ್ಲಿಸದೆ, ‘ಮಿಲಿ ನಾ ಎಲ್ಲಿ ನೋಡಿನೆಪ್ಪಾ, ಪಗಾರದಾಗ ಎಷ್ಟು ಉಳೀತು ಅಂತ ನೋಡ್ತಿದ್ದೆ’ ಅಂದಳು. ಬೆಂಗಳೂರಿನ ರೂಮಿನ ಫ್ರಿಜ್‌ನಲ್ಲಿ ನನ್ನ ಬೀರು ಇರುತ್ತೆ. ಆ ಮನೆಗೆ ಮಾತ್ರ ಇವತ್ತಿಗೂ ಒಂದು ಬಾಟಲಿ ಒಯ್ದಿಲ್ಲ.