ಸರ್ಪಸುತ್ತಿನ ನೋವು: ಚಿಕಿತ್ಸೆಯ ಇತಿಹಾಸ

ಸೀತಾಳೆ ಸಿಡುಬು ಬಂದು ಹೋದವರ ನರಗಂಟುಗಳಲ್ಲಿ ಅದರ ವೈರಾಣು ಅಡಗಿ ಕುಳಿತಿರುತ್ತದೆ. ಎಷ್ಟೋ ವರ್ಷಗಳ ಮೇಲೆ ಅದು ಮತ್ತೆ ಎಚ್ಚೆತ್ತಾಗ ಬರುವ ರೋಗವೇ ಸರ್ಪಸುತ್ತು. ಮೈಯ ಒಂದೇ ಪಕ್ಕದಲ್ಲಿ, ಒಂದು ನರದ ಹಾದಿ ಹಿಡಿದು ನೀರುಗುಳ್ಳೆಗಳು ಏಳುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಗುಳ್ಳೆ ಒಣಗಿದರೂ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ನೋವು ಬಿಡುವುದಿಲ್ಲ. ಮೂರು ತಿಂಗಳು ದಾಟಿಯೂ ಉಳಿದ ನೋವನ್ನು ಸಾಮಾನ್ಯವಾಗಿ ಸರ್ಪಸುತ್ತಿನ ನಂತರದ ನರಶೂಲೆ ಎನ್ನುತ್ತಾರೆ. ಚಿಕಿತ್ಸೆಯ ಚರಿತ್ರೆ ಬರೆದವರು ಗುಳ್ಳೆ ಒಣಗಿಸಿದ್ದನ್ನೂ ನೋವು ನೀಗಿಸಿದ್ದನ್ನೂ ಹಲವೆಡೆ ಒಂದೇ ಎಂದು ಲೆಕ್ಕ ಹಿಡಿದಿದ್ದಾರೆ. ಇವೆರಡೂ ಬೇರೆ ಬೇರೆ ಕಥೆಗಳು.

ಹೆಸರಿನಲ್ಲೂ ಗೊಂದಲವಿದೆ. ಚರಕಸಂಹಿತೆಯ ವಿಸರ್ಪವೇ ಸರ್ಪಸುತ್ತು ಎಂದು ಕೆಲವರು ಬರೆಯುತ್ತಾರೆ. ಆದರೆ ಚರಕ ಹೇಳುವ ಏಳು ಬಗೆಯ ವಿಸರ್ಪಗಳಲ್ಲಿ ಮೈಯೆಲ್ಲ ಹರಡುವ, ಕೊಳೆಯುವ ರೋಗಗಳೂ ಸೇರಿವೆ. ಒಂದೇ ರೋಗಕ್ಕೆ ಅದನ್ನು ಕಟ್ಟಿಹಾಕುವುದು ಸರಿಯಲ್ಲ. ಯುರೋಪಿನಲ್ಲೂ ಇದೇ ಪಾಡು: ಸಂತ ಆಂತೋನಿಯ ಬೆಂಕಿ ಎಂದರೆ ಇಟಲಿಯಲ್ಲಿ ಸರ್ಪಸುತ್ತು, ಇಂಗ್ಲಿಷರಿಗೆ ಬೇರೆ ಕಾಯಿಲೆ. ಕನ್ನಡನಾಡಿನಲ್ಲಿ ಗುಳ್ಳೆಗಳ ಸಾಲು ಮೈ ಸುತ್ತಿ ಹಾವಿನ ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂಬ ಹೆದರಿಕೆ ಇಂದಿಗೂ ಇದೆ. ನರಗಳು ಎಡಕ್ಕೆ ಬೇರೆ, ಬಲಕ್ಕೆ ಬೇರೆ ಹರಡಿರುವುದರಿಂದ ಗುಳ್ಳೆಗಳ ಸಾಲು ಸಾಮಾನ್ಯವಾಗಿ ಮೈಯ ನಡುಗೆರೆಯಲ್ಲೇ ನಿಲ್ಲುತ್ತದೆ. ಇನ್ನು ಮನೆಮದ್ದಿನ ಮಾತು: ಕೆಮ್ಮಣ್ಣು ಕಲಸಿ ಬಳಿದವರಿಗೂ, ಗರಿಕೆ ಅರೆದು ಹಚ್ಚಿದವರಿಗೂ ಗುಳ್ಳೆ ಒಣಗಿದ್ದು ನಿಜ; ಏನೂ ಹಚ್ಚದವರಿಗೂ ಒಣಗುತ್ತದೆ.

ರೋಗದ ನೆಲೆ ನರಗಂಟಿನಲ್ಲಿರಬಹುದೆಂದು 1831ರಲ್ಲಿ ಇಂಗ್ಲಿಷ್ ವೈದ್ಯ ರಿಚರ್ಡ್ ಬ್ರೈಟ್ ಊಹಿಸಿದರು. 1860ರ ದಶಕದಲ್ಲಿ ಫಾನ್ ಬೇರೆನ್‌ಸ್ಪ್ರುಂಗ್, 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಶವಪರೀಕ್ಷೆಗಳಿಂದ ಅದನ್ನು ಖಚಿತಪಡಿಸಿದರು. ಸೀತಾಳೆ ಸಿಡುಬಿನ ವೈರಾಣುವೇ ಮರಳಿ ಏಳುತ್ತದೆಂಬ ವಾದಕ್ಕೆ 1965ರಲ್ಲಿ ಗಟ್ಟಿ ರೂಪ ಕೊಟ್ಟವರು ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. 16 ವರ್ಷ ತಮ್ಮದೇ ಚಿಕಿತ್ಸಾಲಯಕ್ಕೆ ಬಂದ 192 ರೋಗಿಗಳ ಲೆಕ್ಕವಿಟ್ಟು ಅವರು ಆ ತೀರ್ಮಾನಕ್ಕೆ ಮುಟ್ಟಿದರು.

ನೋವಿನ ಕಾರಣ ಹುಡುಕಿದವರ ಪೈಕಿ ಡಚ್ ನರಶಸ್ತ್ರಚಿಕಿತ್ಸಕ ವಿಲಿಯಂ ನೋರ್ಡೆನ್‌ಬೋಸ್ ಹೆಸರು ಸಲ್ಲಬೇಕಾದಷ್ಟು ಸಂದಿಲ್ಲ. ಗಾಯ ಮಾಯ್ದ ಚರ್ಮಕ್ಕೆ ಅಂಗಿಯ ಬಟ್ಟೆ ಸೋಕಿದರೂ ಜೀವ ಹೋದಂತಾಗುವುದು, ಫ್ಯಾನಿನ ಗಾಳಿಯೂ ತಡೆಯಲಾಗದಿರುವುದು ಈ ನೋವಿನ ಗುರುತು. ದಪ್ಪ ನರತಂತುಗಳು ಸಣ್ಣ ತಂತುಗಳ ನೋವಿನ ಸುದ್ದಿಗೆ ಕಡಿವಾಣ ಹಾಕುತ್ತವೆ, ಸರ್ಪಸುತ್ತು ಆ ದಪ್ಪ ತಂತುಗಳನ್ನೇ ಹಾಳುಮಾಡುತ್ತದೆ ಎಂದು ನೋರ್ಡೆನ್‌ಬೋಸ್ 1959ರಲ್ಲಿ ವಾದಿಸಿದರು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ನೋವಿನ ಪ್ರಸಿದ್ಧ ದ್ವಾರ ಸಿದ್ಧಾಂತದ ಹಿಂದೆ ಈ ವಿಚಾರವೂ ಇತ್ತು. ಮುಂದೆ ಚರ್ಮದ ಚೂರುಗಳನ್ನು ಪರೀಕ್ಷಿಸಿದಾಗ ಸಣ್ಣ ತಂತುಗಳೂ ಸತ್ತಿರುವುದು ಕಂಡಿತು. ಹಾಗಾಗಿ ನೋರ್ಡೆನ್‌ಬೋಸ್ ವಾದ ಇದ್ದ ಹಾಗೆಯೇ ನಿಲ್ಲಲಿಲ್ಲ.

ಅತಿ ಹೆಚ್ಚು ವಿವಾದ ಇರುವುದು ನೋವು ಉಳಿಯದಂತೆ ತಡೆಯುವ ಪ್ರಯತ್ನಗಳಲ್ಲಿ. 1970ರ ಒಂದು ಸಣ್ಣ ಪ್ರಯೋಗ ಸ್ಟೀರಾಯ್ಡ್ ಮಾತ್ರೆಗಳು ಅದನ್ನು ತಡೆಯುತ್ತವೆ ಎಂದಿತು. 1994ರಲ್ಲಿ ಪ್ರಕಟವಾದ, 400 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಆ ಮಾತು ನಿಲ್ಲಲಿಲ್ಲ. ವೈರಾಣು ವಿರೋಧಿ ಔಷಧಿ ಏಸೈಕ್ಲೊವಿರ್ ನೋವಿನ ಅವಧಿಯನ್ನು ಮೊಟಕುಗೊಳಿಸುತ್ತದೆಂದು 1996ರ ಒಂದು ವಿಶ್ಲೇಷಣೆ ಹೇಳಿದರೆ, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2014ರ ಕೊಕ್ರೇನ್ ಸಮೀಕ್ಷೆ ಅದು ನರಶೂಲೆಯನ್ನು ಗಣನೀಯವಾಗಿ ತಡೆಯುವುದಿಲ್ಲ ಎಂದಿತು. ಆಗಲೇ ಉಳಿದುಬಿಟ್ಟ ನೋವಿನ ಚಿಕಿತ್ಸೆಯಲ್ಲೂ ವಿವಾದವಿದೆ. 2000ದಲ್ಲಿ ಜಪಾನಿನಿಂದ ಬೆರಗಿನ ವರದಿ ಬಂತು: 277 ರೋಗಿಗಳ ಪ್ರಯೋಗದಲ್ಲಿ, ಬೆನ್ನುಹುರಿಯ ದ್ರವಕ್ಕೆ ಸ್ಟೀರಾಯ್ಡ್ ಚುಚ್ಚಿಸಿಕೊಂಡವರಲ್ಲಿ ಸುಮಾರು ಶೇ. 90 ಮಂದಿಗೆ ಒಳ್ಳೆಯ ಉಪಶಮನ. ನೆದರ್ಲೆಂಡ್ಸ್‌ನಲ್ಲಿ ಅದನ್ನೇ ಪರೀಕ್ಷಿಸಲು ಹೊರಟವರು ಹತ್ತು ರೋಗಿಗಳಾಗುವಷ್ಟರಲ್ಲಿ ನಿಲ್ಲಿಸಬೇಕಾಯಿತು. ಚುಚ್ಚಿಸಿಕೊಂಡವರ ನೋವು ಹೆಚ್ಚಿತ್ತು. ಮೊದಲ ವರದಿಯನ್ನು ಮಾತ್ರ ಉಲ್ಲೇಖಿಸುವ ಪುಸ್ತಕಗಳನ್ನು ಎಚ್ಚರಿಕೆಯಿಂದ ಓದಬೇಕು.

ಉಳಿದ ನೋವನ್ನು ತಗ್ಗಿಸುವ ಬೇರೆ ಔಷಧಿಗಳ ದಾಖಲೆ ಇದಕ್ಕಿಂತ ಸ್ಪಷ್ಟವಾಗಿದೆ. 1982ರಲ್ಲಿ ಕೆನಡಾದ ಪೀಟರ್ ವಾಟ್ಸನ್ ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು 24 ಜನರಿಗೆ ಕೊಟ್ಟರು. 16 ಜನರಿಗೆ ಒಳ್ಳೆಯ ಗುಣ ಕಂಡಿತು. ಬಹುಪಾಲು ರೋಗಿಗಳಿಗೆ ಖಿನ್ನತೆಯೇ ಇರಲಿಲ್ಲ. ಮಾತ್ರೆ ನೋವಿಗೇ ನೇರ ಕೆಲಸ ಮಾಡುತ್ತದೆಂದು ಇದರಿಂದ ತಿಳಿಯಿತು. 1998ರಲ್ಲಿ ಪ್ರಕಟವಾದ 229 ರೋಗಿಗಳ ಪ್ರಯೋಗದಲ್ಲಿ ಅಪಸ್ಮಾರಕ್ಕೆ ಕೊಡುವ ಗ್ಯಾಬಪೆಂಟಿನ್ ಸೇವಿಸಿದವರ ನೋವಿನ ಅಂಕ ಹತ್ತರಲ್ಲಿ 6.3ರಿಂದ 4.2ಕ್ಕೆ ಇಳಿಯಿತು, ಹುಸಿಮಾತ್ರೆ ನುಂಗಿದವರದು 6.5ರಿಂದ 6.0ಕ್ಕೆ. ನೋವು ಇಳಿಯಿತೇ ಹೊರತು ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಚರ್ಮಕ್ಕೆ ಅಂಟಿಸಿ ಮರಗಟ್ಟಿಸುವ ಲಿಡೊಕೇನ್ ಪಟ್ಟಿಗೆ 1999ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮೊದಲು ಮುಲಾಮಾಗಿ, 2009ರಲ್ಲಿ ಶೇ. 8ರ ಪಟ್ಟಿಯಾಗಿ ಬಂತು. ಇದರ ಪರೀಕ್ಷೆಯಲ್ಲಿ ಒಂದು ತೊಡಕು: ಹಚ್ಚಿದೊಡನೆ ಉರಿಯುವುದರಿಂದ ಅಸಲಿ ಯಾವುದು, ಹುಸಿ ಯಾವುದು ಎಂಬುದು ರೋಗಿಗೆ ಗೊತ್ತಾಗಿಬಿಡುತ್ತದೆ.

ಬಂದ ಮೇಲೆ ಮಾಡುವ ಆರೈಕೆಗಿಂತ ಹೆಚ್ಚು ಫಲ ಕಂಡಿದ್ದು ಲಸಿಕೆಯಲ್ಲಿ. 2005ರಲ್ಲಿ ಪ್ರಕಟವಾದ, 60 ದಾಟಿದ 38,546 ಜನರ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ಜೀವಂತ ವೈರಾಣುವಿನ ಲಸಿಕೆ ನರಶೂಲೆಯನ್ನು ಶೇ. 66.5ರಷ್ಟು ಕಡಿಮೆ ಮಾಡಿತು. 2017ರಲ್ಲಿ ಅನುಮತಿ ಪಡೆದ ಶಿಂಗ್ರಿಕ್ಸ್ ಎಂಬ ಲಸಿಕೆ ಪ್ರಯೋಗದಲ್ಲಿ 50 ದಾಟಿದವರಲ್ಲಿ ಸರ್ಪಸುತ್ತನ್ನೇ ಶೇ. 97ರಷ್ಟು ತಡೆದಿತ್ತು. ಎರಡು ಡೋಸಿನ ಈ ಲಸಿಕೆ 2023ರಲ್ಲಿ ಭಾರತಕ್ಕೂ ಬಂತು. ಬೇಕಾದವರು ಹಣ ಕೊಟ್ಟು ಹಾಕಿಸಿಕೊಳ್ಳಬೇಕು. ರೋಗ ಬಂದವರಿಗೆ ವೈರಾಣು ವಿರೋಧಿ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಬೇಕೆಂಬುದು ಇಂದಿನ ವೈದ್ಯರ ರೂಢಿ. ಕೆಮ್ಮಣ್ಣು ಬಳಿದು ಕಾದು ಕೂತರೆ ಆ ಮೂರು ದಿನ ಕೈಬಿಟ್ಟು ಹೋಗುತ್ತವೆ.